ಗಾರೆಗೆ ಹೆಸರಿಲ್ಲ

‘ಲಕ್ಷದ್ವೀಪವು ಹವಳದ ದ್ವೀಪಗಳ ಸಮೂಹ.’ ಈ ವಾಕ್ಯವನ್ನು ನಾನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಬರೆದು, ಕೆಳಗೆ ಗೆರೆ ಎಳೆದು, ‘ಒಂದು ಅಂಕಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ’ ಎಂದು ಹೇಳಿ ಮುಂದಕ್ಕೆ ಹೋಗುವುದು ರೂಢಿ. 2018ರ ಮಳೆಗಾಲದ ಒಂದು ಮಧ್ಯಾಹ್ನ ಹೀಗೆಯೇ ಮುಂದಕ್ಕೆ ಹೋಗುತ್ತಿದ್ದಾಗ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಅಪ್ಪ ನಮ್ಮೂರಿನಲ್ಲಿ ಕಲ್ಲು ಕಟ್ಟುವ ಮೇಸ್ತ್ರಿ.

‘ಟೀಚರ್, ಹವಳ ಅಂದ್ರೆ ಕಲ್ಲಿನ ಕೊಂಬೆಗಳ ಹಾಗೆ ಇರ್ತದಲ್ವಾ? ಬರೀ ಕೊಂಬೆ ಪೇರಿಸಿಟ್ರೆ ತೆರೆ ಬಡಿದು ಚದುರಿ ಹೋಗುದಿಲ್ವಾ? ನಡುವೆ ಗಾರೆ ಹಾಕಿದ್ದು ಯಾರು?’

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆನೆಂದು ಹೇಳಲು ಈಗ ನಾಚಿಕೆಯಾಗುತ್ತದೆ. ನಾನು ಓದಿದ್ದು ಚರಿತ್ರೆ, ಅರ್ಥಶಾಸ್ತ್ರ, ಕನ್ನಡ, ಬಿ.ಎ. ಮುಗಿಸಿ ಬಿ.ಎಡ್. ಮಾಡಿದವಳು. ವಿಜ್ಞಾನದ ಪ್ರಶ್ನೆ ಬಂದರೆ ‘ನಿಮ್ಮ ವಿಜ್ಞಾನದ ಮೇಷ್ಟ್ರನ್ನು ಕೇಳು’ ಎಂದು ಜಾರಿಕೊಳ್ಳುವ ಸೌಕರ್ಯ ನಮಗುಂಟು. ಆ ದಿನವೂ ಹಾಗೆಯೇ ಜಾರಿಕೊಂಡೆ. ಆದರೆ ಪ್ರಶ್ನೆ ಮಾತ್ರ ನನ್ನ ಜೊತೆ ಬಸ್ಸು ಹತ್ತಿ ಮನೆಯವರೆಗೂ ಬಂತು. ಮನೆಯಲ್ಲಿ ಅಕ್ಕಿ ತೊಳೆಯುವಾಗಲೂ ಅದೇ. ಹೌದಲ್ಲ, ಗಾರೆ ಹಾಕಿದ್ದು ಯಾರು?

ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು ಕಡಲಜೀವಿಗಳ ಶಾಸ್ತ್ರ ಓದಿದವಳಿದ್ದಾಳೆ. ಅವಳಿಗೆ ಫೋನು ಮಾಡಿದೆ. ಅವಳೂ ನಕ್ಕಳು, ಆದರೆ ಬೇರೆ ರೀತಿಯಲ್ಲಿ. ‘ಟೀಚರ್, ಆ ಹುಡುಗಿ ಕೇಳಿದ್ದನ್ನು ದೊಡ್ಡ ದೊಡ್ಡ ಪಂಡಿತರು ಕೇಳಲಿಕ್ಕೆ ಬಹಳ ತಡ ಮಾಡಿದರು’ ಎಂದಳು. ಮುಂದಿನ ವಾರ ಎರಡು ಪುಸ್ತಕ ಕಳಿಸಿಕೊಟ್ಟಳು.

ಗಾರೆ ಹಾಕುವುದು ಒಂದು ಪಾಚಿ. ಪಾಚಿಯೆಂದರೆ ನಮಗೆ ನೆನಪಾಗುವುದು ಬಾವಿಕಟ್ಟೆಯ ಮೇಲಿನ ಜಾರುವ ಹಸಿರು. ಇದು ಹಾಗಲ್ಲ. ಬಣ್ಣ ಗುಲಾಬಿ, ಇಲ್ಲವೆ ನೇರಳೆ, ಇಲ್ಲವೆ ಇಟ್ಟಿಗೆಯ ಕೆಂಪು. ಮುಟ್ಟಿದರೆ ಕಲ್ಲು. ತನ್ನ ಒಂದೊಂದು ಜೀವಕೋಶದ ಗೋಡೆಯಲ್ಲಿಯೂ ಅದು ಸುಣ್ಣ ತುಂಬಿಕೊಳ್ಳುತ್ತದೆ. ಸಮುದ್ರದ ನೀರಿನಲ್ಲಿ ಕರಗಿರುವುದೇ ಅದರ ಸುಣ್ಣದ ಗೂಡು. ಉಷ್ಣವಲಯದ ಕಡಲತಳದಲ್ಲಿ ಸತ್ತ ಹವಳದ ಮೇಲೆ, ಮುರಿದ ಚಿಪ್ಪಿನ ಮೇಲೆ, ಬಂಡೆಯ ಮೇಲೆ ದೋಸೆಹಿಟ್ಟು ಕಾವಲಿಯ ಮೇಲೆ ಹರಡಿದ ಹಾಗೆ ಹರಡಿ ಗಟ್ಟಿಯಾಗುತ್ತದೆ. ಬಿಡಿ ಚೂರುಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಬೆಳವಣಿಗೆ ಬಲು ನಿಧಾನ. ದಪ್ಪ ಏರುವುದು ವರ್ಷಕ್ಕೆ ಮಿಲಿಮೀಟರಿನ ಲೆಕ್ಕದಲ್ಲಿ. ಅದರ ಕೆಂಪು ಬಣ್ಣಕ್ಕೂ ಕೆಲಸವುಂಟು. ನೀರಿನ ಆಳಕ್ಕೆ ಇಳಿಯುವುದು ನೀಲಿ-ಹಸಿರು ಬೆಳಕು. ಅದನ್ನು ಹಿಡಿದಿಟ್ಟುಕೊಳ್ಳಲು ಕೆಂಪು ಬಣ್ಣದ ದ್ರವ್ಯ ಬೇಕು. ಹೀಗಾಗಿ ಬೇರೆ ಗಿಡಗಳು ಬದುಕಲಾರದ ಕತ್ತಲೆಯಲ್ಲೂ ಇದು ಬದುಕುತ್ತದೆ. ಬಹಾಮಾಸ್ ದ್ವೀಪಗಳ ಬಳಿ 1984ರಲ್ಲಿ 268 ಮೀಟರ್ ಆಳದಲ್ಲಿ ಇಂಥ ಪಾಚಿ ಸಿಕ್ಕಿದ್ದು ಪುಸ್ತಕದಲ್ಲಿದೆ. ಅಲ್ಲಿಗೆ ತಲಪುವ ಬೆಳಕನ್ನು ಬೆಳಕೆಂದು ಕರೆಯುವುದೇ ಕಷ್ಟ.

ಹೆಸರು ಮಾತ್ರ ಪಾಪ. ಇಂಗ್ಲಿಷಿನಲ್ಲಿ ‘ಕೋರಲೈನ್’ ಪಾಚಿ, ಅಂದರೆ ಹವಳದಂಥದ್ದು. ಅದಕ್ಕೂ ಮೊದಲು ಇದನ್ನು ಪ್ರಾಣಿಯೆಂದೇ ತಿಳಿದಿದ್ದ ಕಾಲದಲ್ಲಿ ‘ನಲ್ಲಿಪೋರ್’ ಎಂದು ಕರೆದಿದ್ದರಂತೆ. ಹವಳಕ್ಕೆ ಪುಟ್ಟ ಪುಟ್ಟ ತೂತುಗಳಿರುತ್ತವಷ್ಟೆ, ಇದಕ್ಕಿಲ್ಲ, ಆದ್ದರಿಂದ ‘ತೂತಿಲ್ಲದ್ದು’. 1837ರಲ್ಲಿ ಫಿಲಿಪ್ಪಿ ಎಂಬ ಜರ್ಮನ್ ವಿಜ್ಞಾನಿ ಇದು ಗಿಡದ ಜಾತಿಯೆಂದು ತೋರಿಸಿಕೊಟ್ಟ ಮೇಲೂ ಆ ಹೆಸರು ಬಹಳ ದಿನ ಉಳಿಯಿತು. ಇದನ್ನು ಓದಿದಾಗ ನನಗೆ ನಮ್ಮ ಕಡೆಯ ಮದುವೆಮನೆಗಳ ಪರಿಚಯದ ಮಾತು ನೆನಪಾಯಿತು. ‘ಇವಳಿಗೆ ಮದುವೆಯಾಗಲಿಲ್ಲ’, ‘ಇವಳಿಗೆ ಮಕ್ಕಳಿಲ್ಲ’, ‘ಇವಳ ಗಂಡ ಇಲ್ಲ’. ಇರುವುದೇನೆಂದು ಹೇಳುವ ಪರಿಚಯ ಹೆಂಗಸರಿಗೆ ಅಪರೂಪ.

ಡಾರ್ವಿನ್ ಸಾಹೇಬರು 1836ರ ಏಪ್ರಿಲಿನಲ್ಲಿ ನಮ್ಮ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳಿಗೆ ಬಂದಿದ್ದರು. ತೆರೆಗಳು ನೇರವಾಗಿ ಬಂದು ಅಪ್ಪಳಿಸುವ ಹೊರ ಅಂಚಿನಲ್ಲಿ, ಹವಳ ಬದುಕಲಾರದ ಜಾಗದಲ್ಲಿ, ಈ ‘ತೂತಿಲ್ಲದ್ದು’ ಎರಡು ಮೂರು ಅಡಿ ದಪ್ಪಕ್ಕೆ ಬೆಳೆದು ಒಡ್ಡಿನ ಹಾಗೆ ನಿಂತಿದ್ದನ್ನು ಕಂಡು ಬರೆದಿದ್ದಾರೆ. ಇನ್ನೂ ಸ್ಪಷ್ಟವಾದ ಸಾಕ್ಷಿ ಶಾಂತಸಾಗರದ ಫುನಾಫುಟಿ ದ್ವೀಪದಿಂದ ಬಂತು. ಹವಳದ ದ್ವೀಪದ ಬುಡದಲ್ಲಿ ಏನಿದೆಯೆಂದು ನೋಡಲು ಲಂಡನ್ನಿನ ರಾಯಲ್ ಸೊಸೈಟಿಯವರು 1896ರಿಂದ 1898ರವರೆಗೆ ಅಲ್ಲಿ ಕೊರೆಸಿದರು. ಕೊನೆಗೆ 1,114 ಅಡಿಯವರೆಗೆ ಇಳಿದರು. 1904ರ ವರದಿಯಲ್ಲಿ, ದಿಬ್ಬ ಕಟ್ಟುವವರನ್ನು ಅವರವರ ಕೆಲಸದ ಪ್ರಮಾಣಕ್ಕೆ ತಕ್ಕಂತೆ ಸಾಲಾಗಿ ನಿಲ್ಲಿಸಿದಾಗ ಮೊದಲ ಸ್ಥಾನ ನಮ್ಮ ಈ ಪಾಚಿಗೆ. ಎರಡನೆಯದು ಸುಣ್ಣದ ಎಲೆಗಳುಳ್ಳ ಒಂದು ಹಸಿರು ಪಾಚಿಗೆ. ಮೂರನೆಯದು ಕಣ್ಣಿಗೆ ಕಾಣಿಸೀತೋ ಇಲ್ಲವೋ ಎನ್ನುವಂಥ ಚಿಪ್ಪುಜೀವಿಗಳಿಗೆ. ಹವಳಕ್ಕೆ ನಾಲ್ಕನೆಯದು! ಎಲ್ಲ ದ್ವೀಪಗಳಲ್ಲೂ ಇದೇ ಕ್ರಮವೆಂದಲ್ಲ. ಆದರೂ ನಾಲ್ಕನೆಯವನ ಹೆಸರಿನಲ್ಲಿ ದ್ವೀಪವನ್ನೇ ಬರೆದುಕೊಟ್ಟಿದ್ದೇವಲ್ಲ.

ಆ ಕೊರೆತದ ತಂಡದ ಮುಖ್ಯಸ್ಥರೊಬ್ಬರ ಜೊತೆ 1897ರಲ್ಲಿ ಅವರ ಹೆಂಡತಿ ಕಾರಾ ಡೇವಿಡ್ ಕೂಡ ದ್ವೀಪಕ್ಕೆ ಹೋಗಿದ್ದರು. ಮದುವೆಗೆ ಮೊದಲು ಸಿಡ್ನಿಯಲ್ಲಿ ಶಿಕ್ಷಕಿಯರ ತರಬೇತಿ ಶಾಲೆಯ ಮುಖ್ಯಸ್ಥೆಯಾಗಿದ್ದವರು. ಹಿಂತಿರುಗಿ ಬಂದು ಒಂದು ಪುಸ್ತಕ ಬರೆದು, ಅದಕ್ಕೆ ‘ವೈಜ್ಞಾನಿಕ ಯಾತ್ರೆಯೊಂದರ ಅವೈಜ್ಞಾನಿಕ ವರದಿ’ ಎಂಬ ಅರ್ಥದ ಅಡಿಹೆಸರು ಕೊಟ್ಟರಂತೆ. ನನ್ನ ಬರಹಕ್ಕೂ ಅದು ಒಪ್ಪೀತು.

2019ರ ಜನವರಿಯಲ್ಲಿ ನಾನೂ ನನ್ನ ಯಜಮಾನರೂ ಕೊಚ್ಚಿಯಿಂದ ಹಡಗು ಹತ್ತಿ ಕಡ್ಮತ್ ದ್ವೀಪಕ್ಕೆ ಹೋದೆವು. ‘ಒಂದು ಪಾಚಿ ನೋಡಲು ಇಷ್ಟು ಖರ್ಚೇ?’ ಎಂದು ಅವರು ಗೊಣಗಿದರೂ ಬಂದರು. ಕಡ್ಮತ್, ಅಮಿನಿ, ಕಿಲ್ತಾನ್, ಚೆಟ್ಲತ್‌ಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು; ಅಲ್ಲಿನ ಮಂಜಿಗಳು ತೆಂಗಿನ ನಾರನ್ನು ಮಂಗಳೂರಿನ ಬಂದರಕ್ಕೆ ತಂದು ಅಕ್ಕಿ ಕೊಂಡೊಯ್ಯುತ್ತಿದ್ದವು. ಒಂಬತ್ತು ಕಿಲೋಮೀಟರಿನಷ್ಟು ಉದ್ದ, ಅಗಲವಾದ ಕಡೆಯೂ ಅರ್ಧ ಕಿಲೋಮೀಟರಿಗೆ ತುಸು ಹೆಚ್ಚು, ಅಷ್ಟೇ ನೆಲ. ರಾತ್ರಿ ಮಲಗಿದರೆ ಪಶ್ಚಿಮದಲ್ಲಿ, ಹಿನ್ನೀರಿನ ಆಚೆ, ಅಂಚಿನ ಮೇಲೆ ತೆರೆ ಒಡೆಯುವ ಸದ್ದು ಬಿಡುವಿಲ್ಲದೆ ಕೇಳುತ್ತದೆ. ಒಡೆಯುವುದು ಅಲ್ಲಿ. ನಮ್ಮ ಕಿಟಕಿಯ ಕೆಳಗೆ ನೀರು ಕೆರೆಯಂತೆ ಸುಮ್ಮನಿರುತ್ತದೆ.

ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕರೆದುಕೊಂಡು ಹೋದ ಹುಡುಗ ಹವಳ ತೋರಿಸಿದ, ಬಣ್ಣದ ಮೀನು ತೋರಿಸಿದ, ಆಮೆ ತೋರಿಸಿದ. ಬಿಸಿನೀರಿನ ಹೊಡೆತಕ್ಕೆ 1998, 2010, 2016ರಲ್ಲಿ ಸತ್ತ ಹವಳಗಳ ಬೂದು ಗುಪ್ಪೆಗಳೂ ಕಂಡವು. ಅವುಗಳ ಮೇಲೆ ಅಲ್ಲಲ್ಲಿ ಕುಂಕುಮ ಚೆಲ್ಲಿ ಒರೆಸಿದ ಹಾಗೆ ಗುಲಾಬಿ ಕಲೆಗಳು. ‘ಅದೇನಪ್ಪ?’ ಎಂದೆ. ಅವನು ಇಣುಕಿ ನೋಡಿ ‘ಅದು ಕಲ್ಲು’ ಎಂದ.

ನಾನು ಹೇಳಬೇಕೆಂದಿರುವುದು ಪಾಚಿಯ ಕಥೆ ಮಾತ್ರವಲ್ಲ. ನನ್ನ ಅಕ್ಕನ ವಿಷಯ ಹೇಳಬೇಕು.

ಅಪ್ಪ ತೀರಿಕೊಂಡಾಗ, 1978ರಲ್ಲಿ, ಅಕ್ಕನಿಗೆ ಇಪ್ಪತ್ತೊಂದು. ನನಗೆ ಹತ್ತು. ನಡುವೆ ಇಬ್ಬರು ಅಣ್ಣಂದಿರು. ಒಂದೂವರೆ ಎಕರೆ ಅಡಿಕೆ ತೋಟ, ಎರಡು ದನ, ತೋಟದ ಮೇಲೆ ಸಾಲ. ಅಮ್ಮ ಆ ಆಘಾತದಿಂದ ಎದ್ದು ಓಡಾಡಲು ಎರಡು ವರ್ಷ ಬೇಕಾಯಿತು. ಅಕ್ಕ ದನ ಕರೆದು, ಹಾಲನ್ನು ಡೇರಿಗೆ ಹೊತ್ತು, ಅಡಿಕೆ ಸುಲಿಸಿ, ಸಾಲ ತೀರಿಸಿ, ನಮ್ಮ ಮೂವರನ್ನೂ ಓದಿಸಿದಳು. ದೊಡ್ಡಣ್ಣ ಬೆಂಗಳೂರು ಸೇರಿದ, ಸಣ್ಣಣ್ಣ ಮುಂಬಯಿ. ನನ್ನ ಬಿ.ಎಡ್. ಫೀಸು ಹೊಂದಿಸಲು ಅವಳು ತನ್ನ ಎರಡು ಬಳೆ ಮಾರಿದ್ದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಅವಳಿಗೆ ಮದುವೆಯಾಗಲಿಲ್ಲ, ಮಾಡಬೇಕಾದವರು ಯಾರೂ ಇರಲಿಲ್ಲ. ಅಮ್ಮನ ಕೊನೆಯ ಆರು ವರ್ಷ ಹಾಸಿಗೆಯಲ್ಲೇ ಕಳೆದವು. ಅಮ್ಮ ಹೋದದ್ದು 2022ರ ಮೇ ತಿಂಗಳಲ್ಲಿ.

ಮರುವರ್ಷ ಆಸ್ತಿಯ ಪತ್ರವಾಯಿತು. ಹೆಣ್ಣುಮಕ್ಕಳಿಗೂ ಸಮಪಾಲೆಂದು 2005ರಲ್ಲೇ ಕಾನೂನು ಬಂದಿದೆ. ಅದನ್ನು ನಾನೇ ತರಗತಿಯಲ್ಲಿ ಪಾಠ ಮಾಡುತ್ತೇನೆ. ಆದರೂ ನೋಂದಣಿ ಕಚೇರಿಯ ಬೆಂಚಿನ ಮೇಲೆ ಕುಳಿತು ನಾವಿಬ್ಬರೂ ಹಕ್ಕು ಬಿಡುಗಡೆಗೆ ಸಹಿ ಹಾಕಿದೆವು. ನಾನು ಹಾಕಿದ್ದು, ತವರಿನ ಬಾಗಿಲು ತೆರೆದಿರಲಿ ಎಂಬ ಎಲ್ಲ ಹೆಂಗಸರ ಲೆಕ್ಕಾಚಾರದಿಂದ. ಅಕ್ಕ ಯಾಕೆ ಹಾಕಿದಳೆಂದು ನಾನು ಕೇಳಲಿಲ್ಲ. ‘ಅಕ್ಕ ಇರುವವರೆಗೆ ಮನೆ ಅವಳದ್ದೇ ಅಲ್ವಾ, ಅದಕ್ಕೆ ಪತ್ರ ಯಾಕೆ?’ ಎಂದು ದೊಡ್ಡಣ್ಣ ಹೇಳಿದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅದು ನನಗೆ ಗೊತ್ತು.

ಆ ಮೇ ತಿಂಗಳಲ್ಲಿ ಅಮ್ಮನ ವರ್ಷಾಂತಿಕಕ್ಕೆ ಎಲ್ಲರೂ ಸೇರಿದೆವು. ಮಾರನೆಯ ದಿನ ಅಕ್ಕನಿಗೆ ಸೀರೆ ಕೊಟ್ಟು ಶಾಲು ಹೊದಿಸುವುದೆಂದು ಅಣ್ಣಂದಿರು ನಿಶ್ಚಯಿಸಿದರು. ಟೀಚರ್ ಆದ್ದರಿಂದ ಎರಡು ಮಾತು ಹೇಳುವ ಕೆಲಸ ನನಗೆ ಬಂತು. ನನ್ನ ಪಾಚಿ ಇಂಥ ಸಮಯಕ್ಕೇ ಕಾಯುತ್ತಿತ್ತೇನೋ! ಹವಳದ ದ್ವೀಪದ ಕಥೆ ಹೇಳಿದೆ. ಬೆಂಗಳೂರು, ಮುಂಬಯಿ ಸೇರಿ ಬಣ್ಣ ತಾಳಿದ ಹವಳಗಳು ನಾವು. ತೆರೆಯ ಹೊಡೆತವನ್ನು ತಾನು ತಿಂದು, ಬಿಡಿ ಬಿಡಿಯಾಗಿದ್ದ ನಮ್ಮನ್ನು ಬೆಸೆದು ನಿಲ್ಲಿಸಿದ, ಯಾರೂ ಗುರುತಿಸದ ಗುಲಾಬಿ ಪಾಚಿ ನಮ್ಮ ಅಕ್ಕ ಎಂದೆ. ಅತ್ತಿಗೆಯಂದಿರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ದೊಡ್ಡಣ್ಣನೂ ಕನ್ನಡಕ ತೆಗೆದ. ಚೆನ್ನಾಗಿ ಮಾತಾಡಿದೆನೆಂದು ನನಗೇ ಅನ್ನಿಸಿತು. ಶಾಲಿನ ಮೇಲೆ ಸಿಕ್ಕಿಸುವ ಚೀಟಿಗೆ ಹೆಸರು ಬರೆಯುತ್ತಿದ್ದ ದೊಡ್ಡಣ್ಣನ ಮಗ ನನ್ನ ಬಳಿ ಬಂದು ಮೆಲ್ಲಗೆ ಕೇಳಿದ, ‘ಅತ್ತೆ, ದೊಡ್ಡತ್ತೆಯ ಹೆಸರು ಎಂತ?’

ರಾತ್ರಿ ಎಲ್ಲರೂ ಮಲಗಿದ ಮೇಲೆ ಹಿತ್ತಲಿನಲ್ಲಿ ನಾವಿಬ್ಬರೂ ದೊಡ್ಡ ಪಾತ್ರೆಗಳನ್ನು ತಿಕ್ಕುತ್ತಿದ್ದೆವು. ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು:

‘ಚಂದ ಮಾತಾಡಿದೆ ಮಾರಾಯ್ತಿ. ಒಂದು ಕೇಳ್ತೇನೆ. ಆ ಪಾಚಿಗೆ ಬೇರೆ ಎಲ್ಲಿಗಾದರೂ ಹೋಗಬೇಕು ಅಂತ ಅನ್ನಿಸ್ತದಾ?’

‘ಇಲ್ಲ’ ಎಂದೆ.

‘ನನಗೆ ಅನ್ನಿಸಿತ್ತು. ಅಪ್ಪ ಹೋದ ವರ್ಷ ನನಗೆ ಟಿ.ಸಿ.ಎಚ್. ಸೀಟು ಬಂದಿತ್ತು. ಕಾಗದ ಇನ್ನೂ ಪೆಟ್ಟಿಗೆಯಲ್ಲಿ ಉಂಟು. ನೀನು ಕರಿಹಲಗೆ ಮುಂದೆ ನಿಲ್ಲುವುದನ್ನು ಮೊದಲ ಸಲ ನೋಡಿದಾಗ ನನಗೆ ಸಂತೋಷ ಆಯಿತು. ಹೊಟ್ಟೆ ಉರಿಯಿತು ಕೂಡ. ಎರಡೂ ಹೌದು. ನೀನು ಇವತ್ತು ನನ್ನನ್ನು ಒಂದು ಕಲ್ಲು ಮಾಡಿ ಕೂರಿಸಿದೆ. ಕಲ್ಲಿಗೆ ಶಾಲು ಹೊದಿಸಿದರೆ ಸಾಕಲ್ಲ, ಮತ್ತೆ ಎಂತ ಕೊಡಬೇಕು?’

ನಾನು ಬೂದಿಯ ಕೈಯಲ್ಲಿ ಹಾಗೆಯೇ ಕುಳಿತೆ. ‘ಪ್ರೀತಿಯಿಂದ ಮಾಡಿದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು ಅಕ್ಕ’ ಎಂದೆ. ಎಂಥ ಮಾತು! ‘ಪ್ರೀತಿ ಇರಲಿಲ್ಲ ಅಂತ ನಾನು ಹೇಳಿದೆನಾ?’ ಎಂದು ಅವಳು ನೀರು ಸುರಿದಳು.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕಾಣದ ದುಡಿಮೆಯನ್ನು ಹೊಗಳುವುದು ನ್ಯಾಯವೋ, ಅಥವಾ ನ್ಯಾಯವನ್ನು ತಪ್ಪಿಸಿಕೊಳ್ಳುವ ಉಪಾಯವೋ? ನಾವು ಹೆಂಗಸರು ಇಂಥ ಹೊಗಳಿಕೆಯನ್ನು ಕೇಳುತ್ತಲೇ ಬೆಳೆದವರು. ಕ್ಷಮಯಾ ಧರಿತ್ರೀ ಎಂದರು. ಮೇಣದ ಬತ್ತಿ ಎಂದರು. ಗಂಧದ ಕೊರಡು ಎಂದರು. ಉರಿಯುವುದೂ ತೇಯುವುದೂ ನಮ್ಮ ಸ್ವಭಾವವೆಂದು ಆದ ಮೇಲೆ ಕೂಲಿಯ ಮಾತು ಏಳುವುದಿಲ್ಲ. ನಾನು ಮಾಡಿದ್ದೂ ಅಷ್ಟೇ, ಬತ್ತಿಯ ಬದಲು ಪಾಚಿ. ವಿಜ್ಞಾನದ ಹೊಸ ಬಟ್ಟೆ ಉಡಿಸಿದ್ದೊಂದೇ ಹೆಚ್ಚಳ.

ಪಾಚಿಗಾದರೂ ನಾನು ನ್ಯಾಯ ಮಾಡಿದೆನೇ? ಊರಿಂದ ಬಂದು ಆ ಪುಸ್ತಕಗಳನ್ನು ಮತ್ತೆ ತೆರೆದೆ. ನನಗೆ ಬೇಕಾದಷ್ಟನ್ನು ಮಾತ್ರ ಆರಿಸಿಕೊಂಡಿದ್ದು ಆಗ ಕಂಡಿತು. ಈ ಪಾಚಿ ಚೆನ್ನಾಗಿರಬೇಕಾದರೆ ಗಿಣಿಮೀನುಗಳೂ ಮೈತುಂಬ ಮುಳ್ಳಿರುವ ಕಡಲ ಜೀವಿಗಳೂ ಅದರ ಮೇಲ್ಮೈಯನ್ನು ಸದಾ ಕೆರೆದು ತಿನ್ನುತ್ತಿರಬೇಕು. ಇಲ್ಲದಿದ್ದರೆ ಬೇರೆ ಕಡಲಸೊಪ್ಪು ಬೆಳೆದು ಅದನ್ನು ಮುಚ್ಚಿಬಿಡುತ್ತದೆ. ಇದನ್ನು ನಾನು ಭಾಷಣದಲ್ಲಿ ಹೇಳಲಿಲ್ಲ. ಹೇಳಿದ್ದರೆ ‘ಕಚ್ಚಿಸಿಕೊಂಡರೇ ಅಕ್ಕ ಚೆನ್ನಾಗಿರುತ್ತಾಳೆ’ ಎಂದಾಗುತ್ತಿತ್ತು. ಹಾಗಾದರೆ ಒಂದು ಮಾತು ಒಪ್ಪಬೇಕು. ಪ್ರಕೃತಿಯಿಂದ ನೀತಿ ಕಲಿಯುತ್ತೇವೆ ಎನ್ನುವವರು ನೀತಿಯನ್ನು ಮೊದಲೇ ಜೇಬಿನಲ್ಲಿ ಇಟ್ಟುಕೊಂಡು ಕಡಲಿಗೆ ಹೋಗಿರುತ್ತಾರೆ. ಇರುವೆಯಿಂದ ಶ್ರಮ, ಹಸುವಿನಿಂದ ಸಾಧುತನ. ಗಂಡಾಡಿನಿಂದ ಏನನ್ನೂ ಕಲಿಯುವುದಿಲ್ಲ.

ಇನ್ನೂ ಒಂದು. ಈ ಪಾಚಿ ಸುಮ್ಮನೆ ಸಹಿಸಿಕೊಂಡಿರುವ ಪ್ರಾಣಿಯೂ ಅಲ್ಲ, ಕ್ಷಮಿಸಿ, ಗಿಡವೂ ಅಲ್ಲ. ಇದರ ಹಲವು ಜಾತಿಗಳು ತಮ್ಮ ಮೇಲೆ ಬಂದು ಕೂರುವ ಬೇರೆ ಪಾಚಿಯ ಮೊಳಕೆಗಳನ್ನು ಹೊರಪದರದ ಸಮೇತ ಕಳಚಿ ಎಸೆಯುತ್ತವೆ. ಮೈ ಒದರಿಕೊಳ್ಳುವುದು ಅವಕ್ಕೂ ಗೊತ್ತು. ಹವಳದ ಮರಿಗಳು ಈಜಿ ಬಂದು ನೆಲೆ ಹುಡುಕುವಾಗ ಕೆಲವು ಜಾತಿಯ ಕೆಂಪು ಪಾಚಿಯನ್ನೇ ಆರಿಸಿ ಕೂರುತ್ತವೆ ಎಂಬುದು ನಿಜ. ಆದರೆ ಪಾಚಿ ಹುಟ್ಟಿದ್ದು ಹವಳಕ್ಕಾಗಿ ಅಲ್ಲ. ಬ್ರೆಜಿಲ್ ದೇಶದ ಅಬ್ರೋಲ್ಯೋಸ್ ಎಂಬಲ್ಲಿ ಕಡಲತಳದಲ್ಲಿ 20,900 ಚದರ ಕಿಲೋಮೀಟರ್ ವಿಸ್ತಾರಕ್ಕೆ ಇದೇ ಜಾತಿಯ ಪಾಚಿಗಳು ಹರಡಿವೆಯೆಂದು 2012ರಲ್ಲಿ ಪ್ರಕಟವಾಯಿತು. ಅಲ್ಲಿ ಅವು ಯಾವ ಹವಳವನ್ನೂ ಬೆಸೆಯುತ್ತ ಕುಳಿತಿಲ್ಲ. ನಿಂಬೆಹಣ್ಣಿನಂಥ ಉಂಡೆಗಳಾಗಿ, ನೀರಿನ ಸೆಳೆತಕ್ಕೆ ಉರುಳುತ್ತ, ಎಲ್ಲ ಮಗ್ಗುಲಿಗೂ ಬೆಳಕು ತಾಗಿಸಿಕೊಂಡು, ತಮ್ಮಷ್ಟಕ್ಕೆ ತಾವು ಬೆಳೆಯುತ್ತವೆ. ‘ತ್ಯಾಗ’ ಎನ್ನುವ ಹೆಸರು ಹವಳದ ಕಡೆ ನಿಂತು ನೋಡಿದವರು ಕೊಟ್ಟದ್ದು. ಇದನ್ನು ಓದಿದ ರಾತ್ರಿ ಅಕ್ಕನ ಪೆಟ್ಟಿಗೆಯಲ್ಲಿರುವ ಆ ಕಾಗದ ನನಗೆ ಬಹಳ ನೆನಪಾಯಿತು.

ಹಾಗಾದರೆ ಹೊಗಳಲೇಬಾರದೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಎಲ್ಲ ಹೆಂಗಸರೂ ಲೆಕ್ಕದ ಪುಸ್ತಕ ಹಿಡಿದು ಕೂತರೆ ಯಾವ ಮನೆ ನಿಂತೀತು ಎಂಬ ಹೆದರಿಕೆಯೂ ನನಗಿದೆ. ನಾನೇನು ಲೆಕ್ಕ ಹಾಕಿ ಮಕ್ಕಳಿಗೆ ಗಂಜಿ ಬಡಿಸಿದವಳಲ್ಲ. ಆದರೆ ಲೆಕ್ಕ ಇಡದೆ ಇರುವ ಔದಾರ್ಯ ಕೊಟ್ಟವರಿಗೆ ಒಪ್ಪುತ್ತದೆ. ತೆಗೆದುಕೊಂಡವರು ‘ನಮ್ಮಲ್ಲಿ ಲೆಕ್ಕ ಇಲ್ಲ’ ಎಂದರೆ ಅದಕ್ಕೆ ಬೇರೆ ಹೆಸರುಂಟು.

ಹೆಸರು ಸರಿಯಾಗಿ ಸಿಕ್ಕಿದ ಉದಾಹರಣೆಯೂ ಒಂದಿದೆ. ಈ ಪಾಚಿಗಳ ಚರಿತ್ರೆಯಲ್ಲಿ ಅನ್ನಾ ವೆಬರ್-ವಾನ್ ಬಾಸ್ಸೆ ಎಂಬ ಡಚ್ ಮಹಿಳೆ ಬರುತ್ತಾರೆ. 1899ರಲ್ಲಿ ಗಂಡನ ಮುಂದಾಳುತನದ ಸಿಬೋಗಾ ಎಂಬ ಹಡಗಿನಲ್ಲಿ ಇಂದಿನ ಇಂಡೋನೇಷ್ಯಾದ ಕಡಲುಗಳನ್ನು ಶೋಧಿಸಲು ಹೋದಾಗ ಅವರಿಗೆ ನಲವತ್ತೇಳು ವರ್ಷ. ಗಂಡನ ಊಟ-ಉಪಚಾರಕ್ಕಾಗಿ ಹೋದದ್ದಲ್ಲ, ಕಡಲಪಾಚಿಗಳ ವಿದ್ವಾಂಸರಾಗಿ ಹೋದದ್ದು. ತಿಮೋರ್ ಬಳಿಯ ಒಂದು ದ್ವೀಪದ ತೀರದಲ್ಲಿ ದೊಡ್ಡ ಇಳಿತದ ಹೊತ್ತಿಗೆ ನೀರು ಸರಿದಾಗ ಈ ಪಾಚಿಯ ಇಡೀ ದಂಡೆಯೇ ಬಯಲಾಯಿತು. ಅವುಗಳ ಕುರಿತ ಪುಸ್ತಕ 1904ರಲ್ಲಿ ನಾರ್ವೆಯ ಫೋಸ್ಲಿ ಎಂಬ ವಿದ್ವಾಂಸರ ಜೊತೆಗೂಡಿ ಬಂದಾಗ ಮೊದಲ ಹೆಸರು ಅನ್ನಾ ಅವರದು. 1910ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಆ ಹೆಂಗಸನ್ನು ಯಾರೂ ಪಾಚಿಗೆ ಹೋಲಿಸಿ ಭಾಷಣ ಮಾಡಿದ್ದು ಕಾಣೆ.

ಹೆಸರಿಲ್ಲದ್ದರಿಂದ ಇನ್ನೊಂದು ಅಪಾಯವೂ ಇದೆ. ಹವಳ ಬಿಳಿಚಿಕೊಂಡರೆ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. 2024ರಲ್ಲಿ ಲಕ್ಷದ್ವೀಪದಲ್ಲಿ ಮತ್ತೆ ಹಾಗಾದಾಗ ಬಂತು. ಗಾಳಿಯ ಇಂಗಾಲ ಕರಗಿ ಸಮುದ್ರ ಹುಳಿಯ ಕಡೆಗೆ ತಿರುಗಿದರೆ ಎಲ್ಲಕ್ಕಿಂತ ಬೇಗ ಕರಗುವಂಥದು ಈ ಪಾಚಿಯ ಸುಣ್ಣ, ಅದರಲ್ಲಿ ಮೆಗ್ನೀಸಿಯಮ್ ಹೆಚ್ಚಿರುವುದರಿಂದ. ಹವಾಯಿಯಲ್ಲಿ ತೊಟ್ಟಿಗಳಲ್ಲಿ ಅಂಥ ನೀರು ಹರಿಸಿ ನೋಡಿದಾಗ ಪಾಚಿಯ ಹರವು ಶೇಕಡಾ 92ರಷ್ಟು ಕಡಿಮೆಯಾಯಿತೆಂದು 2008ರ ಪ್ರಬಂಧವೊಂದು ಹೇಳುತ್ತದೆ. ಅದಕ್ಕೆ ಚಿತ್ರ ತೆಗೆಯಲು ಯಾರೂ ಇರಲಿಲ್ಲ. ಗುಲಾಬಿ ಕಲೆ ಮಾಸಿದರೆ ದೋಣಿಯ ಹುಡುಗನಿಗೆ ಏನು ಕಂಡೀತು? ಕಲ್ಲಿದ್ದಲ್ಲಿ ಕಲ್ಲೇ ಇರುತ್ತದೆ.

ಕಳೆದ ದಸರಾ ರಜೆಯಲ್ಲಿ ನಾನು ಅಣ್ಣಂದಿರಿಬ್ಬರಿಗೂ ಕಾಗದ ಬರೆದೆ. ಫೋನಿನಲ್ಲಿ ಹೇಳಿದರೆ ಮಾತು ಬೇರೆ ಕಡೆ ಹೋಗುತ್ತದೆಂದು ಕಾಗದವೇ ಬರೆದೆ. ಮನೆಯನ್ನೂ ಮನೆಗೆ ತಾಗಿದ ಅರ್ಧ ಎಕರೆ ತೋಟವನ್ನೂ ಅಕ್ಕನ ಹೆಸರಿಗೆ ಮಾಡಿಕೊಡಬೇಕು, ಖರ್ಚು ನನ್ನದು ಎಂದೆ. ಬಿ.ಎಡ್. ಫೀಸಿನ ಮೊತ್ತ, ವರ್ಷ, ಎರಡು ಬಳೆಗಳ ತೂಕ, ನೆನಪಿದ್ದಷ್ಟನ್ನೂ ಬರೆದೆ. ಬರೆಯುವಾಗ ಕೈ ನಡುಗಿತು. ಒಡಹುಟ್ಟಿದವರಿಗೆ ಲೆಕ್ಕ ಬರೆಯುತ್ತಿದ್ದೇನಲ್ಲ ಎಂದು. ಕಳಿಸುವ ಮೊದಲು ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವಳು ಬೇಡವೆನ್ನುತ್ತಾಳೆಂದು ಒಳಗೊಳಗೇ ನಿರೀಕ್ಷಿಸಿದ್ದೆ. ಬಹುಶಃ ಆಸೆಯನ್ನೂ ಪಟ್ಟಿದ್ದೆ. ಅವಳು ಬೇಡವೆನ್ನಲಿಲ್ಲ.

‘ಬಳೆ ಮೂರು’ ಎಂದಳು. ‘ಒಂದು ನಿನ್ನ ಸಣ್ಣಣ್ಣನ ಡಿಪ್ಲೊಮಾಕ್ಕೆ. ಅದನ್ನೂ ಹಾಕು. ಮತ್ತೆ ನನ್ನ ಹೆಸರು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇದ್ದ ಹಾಗೆ ಬರಿ. ರೇಷನ್ ಕಾರ್ಡಿನಲ್ಲಿ ತಪ್ಪು ಉಂಟು.’

ಸಣ್ಣಣ್ಣ ಒಪ್ಪಿಗೆಯೆಂದು ಉತ್ತರ ಬರೆದಿದ್ದಾನೆ. ದೊಡ್ಡಣ್ಣನಿಂದ ಇನ್ನೂ ಬಂದಿಲ್ಲ. ಬೇಸಿಗೆ ರಜೆ ಶುರುವಾದ ಮಾರನೆಯ ದಿನಕ್ಕೆ ಬೆಂಗಳೂರಿನ ಬಸ್ಸಿಗೆ ಟಿಕೆಟ್ ತೆಗೆದಿಟ್ಟಿದ್ದೇನೆ.